ನಿರಾಶ್ರಿತರ ಗುಡಾರದಲ್ಲಿ ಈದ್



ಕಳೆದ ಬಕ್ರೀದ್‌ಗೆ ಕೆಲವು ದಿನಗಳ ಮುಂಚೆ ಹೊಸರಿತ್ತಿಯಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಗ ನರ್ಸಿಂಗ್ ಕಲಿತವನು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾ ನಿರಾಶ್ರಿತರ ನಡುವೆ ಸ್ವಯಂಸೇವಕನಾಗಿ ದುಡಿಯುತ್ತಿದ್ದಾನೆ. ರಂಝಾನ್ ಹಬ್ಬಕ್ಕೂ ಬಂದಿರಲಿಲ್ಲ, ಬಕ್ರೀದ್‌ಗೂ ಬರುವುದಿಲ್ಲವೆಂದು ತಿಳಿಸಿದ್ದ. "ಹಜರತ್, ನಾ ಅವಂಗ ಬ್ಯಾಡ ಅನ್ನೂದಿಲ್ರಿ. ಅಲ್ಲಿ ಮಂದಿ ಭಾಳ ತ್ರಾಸಿನ್ಯಾಗ ಅದಾರ ಅಂತ ಗೊತ್ತೈತಿ. ಆದ್ರ ಹಬ್ಬದ ದಿನ ಮಗ ಮನ್ಯಾಗಿಲ್ಲ ಅಂದ್ರ ನಂದು ಎಂಥಾ ಹಬ್ಬರಿ? ಅವಂದರ ಎಂಥಾ ಹಬ್ಬ?" ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈ ಪ್ರಶ್ನೆಗೆ ನಾನು ಅಲ್ಲಿಯೇ ಸುಲಭವಾಗಿ ಉತ್ತರಿಸಬಹುದಿತ್ತು. ಸೇವೆಯ ಪುಣ್ಯ, ತ್ಯಾಗದ ಪ್ರತಿಫಲ ಮುಂತಾಗಿ ನಾವು ಮಿಂಬರಿನ ಮೇಲಿನಿಂದ ಹೇಳುವ ಮಾತುಗಳು ನಾಲಿಗೆಯ ತುದಿಯಲ್ಲಿಯೇ ಇರುತ್ತವೆ. ಆದರೆ ಆ ತಾಯಿ ಕೇಳಿದ್ದು ಎರಡು ಪ್ರಶ್ನೆಗಳನ್ನು. ತನ್ನ ಹಬ್ಬ ಏನಾಯಿತು ಎಂಬುದು ಒಂದು. ನೆಲೆ ಕಳೆದುಕೊಂಡವರ ನಡುವೆ ಆಚರಿಸುವ ಹಬ್ಬ ಎಂಥದ್ದು ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ಮಾತನಾಡುವ ಮುನ್ನ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬಹುದು. ಉತ್ತರ ಕರ್ನಾಟಕದ ನದಿಗಳೆಲ್ಲ ಒಮ್ಮೆಗೇ ಉಕ್ಕಿ ಹರಿದ ದಿನಗಳವು. ನಮ್ಮ ವರದೆಯೂ ದಡ ಮೀರಿದಳು. ಹೊಲದ ಬೆಳೆ ಹೋಯಿತು, ಮಣ್ಣಿನ ಗೋಡೆಗಳು ಕುಸಿದವು. ದನಕರುಗಳನ್ನು ಹೊಡೆದುಕೊಂಡು ಎತ್ತರದ ಜಾಗ ಹುಡುಕಿ ಹೊರಟ ಕುಟುಂಬಗಳು ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ತಂಗಿದವು. ಆ ನೀರು ಇನ್ನೂ ಪೂರ್ತಿಯಾಗಿ ಇಳಿಯುವ ಮೊದಲೇ, ಆಗಸ್ಟ್ 12ರ ಸೋಮವಾರ ಬಕ್ರೀದ್ ಬಂದಿತು.

ನಾವು ಕೆಲವರು ಈದ್ ನಮಾಝ್ ಮುಗಿಸಿ, ಕುರ್ಬಾನಿಯ ಮಾಂಸವನ್ನು ಪೊಟ್ಟಣ ಕಟ್ಟಿಕೊಂಡು ನದಿ ದಡದ ಒಂದು ಊರಿನ ಪರಿಹಾರ ಕೇಂದ್ರಕ್ಕೆ ಹೋದೆವು. ಮನಸ್ಸಿನಲ್ಲಿ ಒಳ್ಳೆಯ ಉದ್ದೇಶವೇ ಇತ್ತು. ಆದರೆ ನಾವು ಮಾಡಿದ್ದೇನು ಗೊತ್ತೇ? ಶಾಲೆಯ ಜಗುಲಿಯ ಮೇಲೆ ನಾವು ನಿಂತೆವು, ಅಂಗಳದ ಕೆಸರಿನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿದೆವು. ಒಬ್ಬ ತರುಣ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಅಲ್ಲಿದ್ದ ಮನೆಗಳಲ್ಲಿ ಅರ್ಧದಷ್ಟು ಮಾಂಸ ಮುಟ್ಟದವರದು ಎಂಬುದು ಪೊಟ್ಟಣ ಕೈಗಿಡುವಾಗ ತಿಳಿಯಿತು. ಆ ಸಾಲಿನಲ್ಲಿ ಒಬ್ಬ ಹಿರಿಯರಿದ್ದರು. ನೆರೆಗೆ ಮುಂಚೆ ಪ್ರತಿ ಬಕ್ರೀದ್‌ಗೂ ಸ್ವಂತ ಕುರಿ ಕೊಟ್ಟು ಓಣಿಗೆಲ್ಲ ಮಾಂಸ ಹಂಚುತ್ತಿದ್ದವರು. ಅವರು ಪೊಟ್ಟಣ ತೆಗೆದುಕೊಂಡರು. "ಜಝಾಕಲ್ಲಾಹ್" ಎಂದರು. ಆದರೆ ನನ್ನ ಮುಖ ನೋಡಲಿಲ್ಲ.

ಅಂದು ನಾವು ಮಾಂಸ ಹಂಚಿ ಬಂದೆವು, ಹಬ್ಬವನ್ನು ಹಂಚಲಿಲ್ಲ. ಈ ವ್ಯತ್ಯಾಸ ನನಗೆ ಅರ್ಥವಾಗಲು ಬಹಳ ದಿನಗಳೇ ಬೇಕಾದವು.

ಸಹೋದರರೇ, ಬಕ್ರೀದ್ ಮತ್ತು ನೆಲೆ ತಪ್ಪಿದವರ ನಡುವೆ ಪ್ರವಾದಿವರ್ಯರ(ಸ) ಕಾಲದಲ್ಲಿಯೇ ಒಂದು ಸಂಬಂಧ ಬೆಸೆದುಕೊಂಡಿದೆ. ಒಂದು ವರ್ಷ ಈದುಲ್ ಅಝ್‌ಹಾದ ಹೊತ್ತಿಗೆ ಮರುಭೂಮಿಯ ಬಡ ಜನರ ಗುಂಪೊಂದು ಹಸಿವಿನಿಂದ ಕಂಗೆಟ್ಟು ಮದೀನಾಕ್ಕೆ ಬಂದಿತು. ಆಗ ಪ್ರವಾದಿವರ್ಯರು(ಸ) ಕುರ್ಬಾನಿಯ ಮಾಂಸವನ್ನು ಮೂರು ದಿನಗಳಿಗಿಂತ ಹೆಚ್ಚು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದೂ ಉಳಿದುದನ್ನು ದಾನ ಮಾಡಬೇಕೆಂದೂ ಆದೇಶಿಸಿದರು. ಮರುವರ್ಷ ಜನರು ಬಂದು, ನಾವು ಆ ಚರ್ಮದಿಂದ ಚೀಲ ಮಾಡಿಕೊಳ್ಳುತ್ತಿದ್ದೆವು, ಕೊಬ್ಬು ಕರಗಿಸಿ ಇಡುತ್ತಿದ್ದೆವು, ಈಗ ಏನು ಮಾಡೋಣ ಎಂದು ವಿಚಾರಿಸಿದಾಗ, ಅಂದು ತಡೆದದ್ದು ಬಂದಿದ್ದ ಆ ಬಡವರಿಗಾಗಿ, ಇನ್ನು ತಿನ್ನಿರಿ, ಕೂಡಿಡಿರಿ, ದಾನ ಮಾಡಿರಿ ಎಂದು ಅವರು ತಿಳಿಸಿದರು. ಹಝ್ರತ್ ಆಯಿಶಾ(ರ) ವರದಿ ಮಾಡಿರುವ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ಇಡೀ ಪಟ್ಟಣದ ಹಬ್ಬದ ರೀತಿಯೇ ಆ ವರ್ಷ ಬದಲಾಯಿತು. ಬಂದವರಿಗೆ ಬೇರೆಯೇ ಒಂದು ಮೂಲೆಯಲ್ಲಿ ಊಟ ಹಾಕಿ, ಮದೀನಾದ ಮನೆಗಳಲ್ಲಿ ಹಬ್ಬ ಎಂದಿನಂತೆ ನಡೆಯಲಿಲ್ಲ. ಪ್ರತಿಯೊಂದು ಮನೆಯ ಅಡುಗೆಮನೆಗೆ ಆ ಹಸಿವು ತಲುಪಿತು. ಇಂದು ನಮ್ಮ ಮನೆಗಳಲ್ಲಿ ಫ್ರಿಜ್ ಇದೆ. ಬಕ್ರೀದ್‌ನ ಮಾಂಸ ಮೊಹರ್ರಮ್‌ನವರೆಗೂ ಕೆಡದೆ ಉಳಿಯುತ್ತದೆ. ಧರ್ಮದಲ್ಲಿ ಅದಕ್ಕೆ ತಡೆಯಿಲ್ಲ, ನಿಜ. ಆದರೆ ಫ್ರಿಜ್ಜಿನ ಬಾಗಿಲು ಮುಚ್ಚುವಾಗ ಆ ಒಂದು ವರ್ಷದ ಆದೇಶ ನಮ್ಮ ನೆನಪಿಗೆ ಬರುತ್ತದೆಯೇ?

ಇನ್ನು ಆ ಮಗನಿರುವ ಜಾಗದ ಬಗ್ಗೆ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ಪ್ರಾಂತದಿಂದ ರೋಹಿಂಗ್ಯಾ ಜನರು ನಾಫ್ ನದಿಯನ್ನೂ ಗಡಿಯ ಗುಡ್ಡಗಳನ್ನೂ ದಾಟಿ ಬಾಂಗ್ಲಾದೇಶಕ್ಕೆ ಓಡಿಬಂದರು. ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ. ಆ ವರ್ಷ ಅಲ್ಲಿ ಬಕ್ರೀದ್ ಬಂದದ್ದು ಸೆಪ್ಟೆಂಬರ್ 2ರಂದು, ಅಂದರೆ ಓಟ ಆರಂಭವಾದ ಎಂಟನೆಯ ದಿನ. ಹಬ್ಬದ ಚಂದ್ರನನ್ನು ತಮ್ಮ ಊರಿನಲ್ಲಿ ನೋಡಿದ ಎಷ್ಟೋ ಜನರಿಗೆ ಹಬ್ಬದ ಬೆಳಗು ದಾರಿಯಲ್ಲಿಯೇ ಆಯಿತು. ಅವರು ಬೀಡುಬಿಟ್ಟ ಕುಟುಪಲಾಂಗ್ ಇಂದು ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ನೆಲೆಗಳಲ್ಲಿ ಒಂದು. ಬಿದಿರಿನ ಚೌಕಟ್ಟು, ತಾಡಪಾಲಿನ ಹೊದಿಕೆ, ಮಳೆ ಬಂದರೆ ಜಾರುವ ಗುಡ್ಡ. 2023ರಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಬಳಿ ಹಣವಿಲ್ಲದೆ ಅಲ್ಲಿ ಒಬ್ಬರಿಗೆ ತಿಂಗಳಿಗೆ ಕೊಡುತ್ತಿದ್ದ 12 ಡಾಲರಿನ ಪಡಿತರ ಮೊದಲು 10ಕ್ಕೆ, ಬಳಿಕ 8 ಡಾಲರಿಗೆ ಇಳಿಯಿತು. ಒಬ್ಬ ಮನುಷ್ಯನ ಒಂದು ತಿಂಗಳ ಅನ್ನ ಅಷ್ಟೇ.

ಆ ಹುಡುಗ ತಾಯಿಗೆ ಫೋನಿನಲ್ಲಿ ಹೇಳಿದ ಒಂದು ಪ್ರಸಂಗವನ್ನು ಅವರು ನನಗೆ ಹೇಳಿದರು. ರಂಝಾನ್ ಹಬ್ಬದ ದಿನ ನಮಾಝಿನ ನಂತರ ಒಬ್ಬ ಮುದುಕರು ಅವನ ಕೈ ಹಿಡಿದು ತಮ್ಮ ಗುಡಾರಕ್ಕೆ ಕರೆದರಂತೆ. ಇವನು ಬೇಡವೆಂದ. ಪಡಿತರದಲ್ಲಿ ಬದುಕುವ ಮನೆಯಲ್ಲಿ ನಾನು ಉಣ್ಣುವುದು ಹೇಗೆ ಎಂಬ ಸಂಕೋಚ. ನನಗೆ ಹಸಿವಿಲ್ಲ ಎಂದ, ಡ್ಯೂಟಿ ಇದೆ ಎಂದ. ಆ ಮುದುಕರು ಕೈ ಬಿಟ್ಟು, ನೀನು ಒಂದು ವರ್ಷದಿಂದ ನಮಗೆ ಔಷಧಿ ಕೊಡುತ್ತಿದ್ದೀ, ನಾವು ಒಂದು ದಿನವಾದರೂ ನಿನ್ನಲ್ಲಿ ಬೇಡವೆಂದಿದ್ದೇವೆಯೇ ಎಂದು ಕೇಳಿದರಂತೆ. ಹುಡುಗ ಮರುಮಾತಾಡದೆ ಹೋದ. ಒಳಗೆ ಚಾಪೆ ಹಾಸಿದ್ದರು. ಅಕ್ಕಿಹಿಟ್ಟಿನ ತೆಳುವಾದ ರೊಟ್ಟಿ, ಬಟ್ಟಲಿನಲ್ಲಿ ಶ್ಯಾವಿಗೆ. "ರೊಟ್ಟಿ ನಮ್ಮ ರೊಟ್ಟಿಗತೇನ ಇತ್ತಂತ್ರಿ" ಎನ್ನುವಾಗ ಆ ತಾಯಿಯ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡೆ.

ಸಹೋದರಿಯರೇ, ಆ ಹುಡುಗನಿಗೆ ಅಂದು ಗುಡಾರದಲ್ಲಿ ತಿಳಿದದ್ದು ನನಗೆ 2019ರಲ್ಲಿ ಶಾಲೆಯ ಜಗುಲಿಯ ಮೇಲೆ ತಿಳಿಯಲಿಲ್ಲ. ನೆರೆ ಬಂದರೆ, ಯುದ್ಧ ಬಂದರೆ ಮನುಷ್ಯ ಮನೆ ಕಳೆದುಕೊಳ್ಳುತ್ತಾನೆ, ಹೊಲ ಕಳೆದುಕೊಳ್ಳುತ್ತಾನೆ. ಅದಕ್ಕಿಂತಲೂ ಆಳವಾದ ಒಂದು ನಷ್ಟವಿದೆ. ಬಂದವರಿಗೆ ಕುಳಿತುಕೊಳ್ಳಿ, ಊಟ ಮಾಡಿ ಎನ್ನುವ ಅಧಿಕಾರವನ್ನೇ ಅವನು ಕಳೆದುಕೊಳ್ಳುತ್ತಾನೆ. ವರ್ಷವಿಡೀ ಕೈ ಚಾಚುತ್ತಲೇ ಇರಬೇಕಾದವನಿಗೆ ಹಬ್ಬದ ಒಂದು ದಿನವಾದರೂ ಆತಿಥೇಯನಾಗುವ ಆಸೆ ಇರುತ್ತದೆ. ಅದನ್ನೂ ನಾವು ನಮ್ಮ ಕರುಣೆಯಿಂದ ಕಿತ್ತುಕೊಳ್ಳಬಾರದು. ಕುರಿಯ ಕಾಲಿನ ಊಟಕ್ಕೆ ಕರೆದರೂ ತಾನು ಹೋಗುತ್ತೇನೆಂದು ಪ್ರವಾದಿವರ್ಯರು(ಸ) ಹೇಳಿದ್ದು ಸಹೀಹ್ ಬುಖಾರಿಯಲ್ಲಿ ಬಂದಿದೆ. ನಾವು ಆ ಹದೀಸನ್ನು ವಿನಯದ ಪಾಠವೆಂದು ಓದಿ ಮುಂದೆ ಹೋಗುತ್ತೇವೆ. ಕರೆದವನ ಕಡೆಯಿಂದಲೂ ಅದನ್ನು ಓದಬೇಕು. ಕೊಡಲು ಒಂದು ಕಾಲಿನ ತುಂಡು ಬಿಟ್ಟು ಬೇರೇನೂ ಇಲ್ಲದವನ ಮನೆಗೆ ಪ್ರವಾದಿವರ್ಯರು(ಸ) ಬರುವರೆಂದರೆ, ಆ ದಿನ ಅವನ ತಲೆ ಎಷ್ಟು ಎತ್ತರಕ್ಕೆ ಏರಿರಬೇಕು!

ಕೊಟ್ಟದ್ದನ್ನು ಎತ್ತಿ ಆಡಿ, ಮನ ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ಎತ್ತಿ ಆಡುವುದೆಂದರೆ ಬಾಯಿಂದಲೇ ಆಡಬೇಕೆಂದಿಲ್ಲ. ಹಬ್ಬದ ದಿನ ಸಾಲಿನಲ್ಲಿ ನಿಲ್ಲಿಸುವುದೂ ಎತ್ತಿ ಆಡಿದಂತೆಯೇ, ಫೋಟೋ ತೆಗೆಯುವುದಂತೂ ಖಂಡಿತ. ಈದುಲ್ ಫಿತ್ರ್‌ನ ದಾನವನ್ನೇ ನೋಡಿರಿ. ತೊಟ್ಟಿಲ ಕೂಸಿನ ಪರವಾಗಿಯೂ ಕೊಡಬೇಕಾದ ಆ ಫಿತ್ರ್ ಝಕಾತನ್ನು ಜನರು ಈದ್ ನಮಾಝಿಗೆ ಹೊರಡುವ ಮೊದಲೇ ಮುಟ್ಟಿಸಬೇಕೆಂಬ ಆದೇಶವಿದೆ. ನಮಾಝಿನ ನಂತರ ಕೊಟ್ಟರೆ ಅದು ಸಾಮಾನ್ಯ ದಾನಗಳಲ್ಲಿ ಒಂದಾಗುತ್ತದೆ. ಕೆಲವು ಗಂಟೆಗಳ ಅಂತರಕ್ಕೆ ಇಷ್ಟೊಂದು ಮಹತ್ವವೇಕೆ? ಈದ್‌ಗಾಹ್‌ನಲ್ಲಿ ನಿಮ್ಮ ಪಕ್ಕದಲ್ಲಿ ನಿಂತವನ ಮನೆಯಲ್ಲಿ ಅಷ್ಟರೊಳಗೆ ಒಲೆ ಉರಿದಿರಬೇಕು. ಹಬ್ಬದ ಬೆಳಿಗ್ಗೆ ಅವನು ಯಾರ ಬಾಗಿಲಲ್ಲೂ ನಿಂತಿರಬಾರದು. ಶಿಬಿರಗಳಿಗೆ, ದೂರದ ದೇಶಗಳಿಗೆ ಹಣ ಕಳುಹಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ತಮ್ಮ ಊರಿನ ಬಡವರಿಗೆ ಮೊದಲ ಹಕ್ಕು, ಆದರೆ ಹೆಚ್ಚಿನ ಸಂಕಷ್ಟವಿರುವ ಕಡೆಗೆ ಕಳುಹಿಸಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಆದರೆ ಇಪ್ಪತ್ತೊಂಬತ್ತನೆಯ ರಾತ್ರಿ ಕಳುಹಿಸಿದ ಹಣ ಹಬ್ಬ ಕಳೆದ ಮೇಲೆ ಅಲ್ಲಿಗೆ ತಲುಪಿದರೆ ಆ ಮನೆಯಲ್ಲಿ ಈದ್ ಆದದ್ದೆಲ್ಲಿ?

ಶಿಬಿರದಲ್ಲಿ ಮಸೀದಿ ಇಲ್ಲ, ಹೊಸ ಬಟ್ಟೆ ಇಲ್ಲ, ಅಲ್ಲಿ ಈದ್ ಹೇಗೆ ಎಂದು ಕೆಲವರು ಕೇಳುತ್ತಾರೆ. ಪ್ರವಾದಿವರ್ಯರು(ಸ) ಈದ್ ನಮಾಝನ್ನು ಬಯಲಿನಲ್ಲಿಯೇ ನಿರ್ವಹಿಸುತ್ತಿದ್ದರು. ಮಹಿಳೆಯರೆಲ್ಲರೂ ಆ ಬಯಲಿಗೆ ಬರಬೇಕೆಂದು, ನಮಾಝ್ ಮಾಡುವಂತಿಲ್ಲದ ಸ್ಥಿತಿಯಲ್ಲಿರುವವರೂ ಬಂದು ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಬೇಕೆಂದು ಆದೇಶಿಸಿದಾಗ, ಹೊದೆಯಲು ಮೇಲ್ವಸ್ತ್ರವೇ ಇಲ್ಲದವಳು ಏನು ಮಾಡಬೇಕೆಂದು ಹಝ್ರತ್ ಉಮ್ಮು ಅತಿಯ್ಯಾ(ರ) ಕೇಳಿದರು. ಅವಳ ಸಹೋದರಿ ತನ್ನ ಹೊದಿಕೆಯಲ್ಲಿ ಅವಳಿಗೂ ಪಾಲು ಕೊಡಲಿ ಎಂಬುದು ಉತ್ತರವಾಗಿತ್ತು. ಬಟ್ಟೆಯಿಲ್ಲದವಳು ಮನೆಯಲ್ಲಿರಲಿ, ಅವಳಿಗೆ ಆಮೇಲೆ ದಾನ ಕಳುಹಿಸೋಣ ಎನ್ನಲಿಲ್ಲ. ಒಂದೇ ಹೊದಿಕೆಯ ಕೆಳಗೆ ಇಬ್ಬರು ಈದ್‌ಗಾಹ್‌ಗೆ ನಡೆದು ಬರುವ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಅವರಲ್ಲಿ ಹೊದಿಕೆ ಯಾರದೆಂದು ನೋಡುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಸೇವೆಗೆ ಹೋದವರು ಕೆಲವೊಮ್ಮೆ ತಮ್ಮ ಊರಿನ ಹಬ್ಬವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ ಅಲ್ಲಿನವರ ಮೇಲೆ ಹೇರುತ್ತಾರೆ. ಒಂದು ಈದ್ ದಿನ ಅಬಿಸೀನಿಯದವರು ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಈಟಿಗಳನ್ನು ಹಿಡಿದು ತಮ್ಮ ನಾಡಿನ ಆಟ ಆಡಿದರು. ಪ್ರವಾದಿವರ್ಯರು(ಸ) ಅವರನ್ನು ಹುರಿದುಂಬಿಸಿದ್ದಲ್ಲದೆ, ಹಝ್ರತ್ ಆಯಿಶಾ(ರ) ತಮ್ಮ ಭುಜಕ್ಕೆ ಆನಿಕೊಂಡು ಸಾಕೆನಿಸುವವರೆಗೂ ನೋಡಲು ನಿಂತುಕೊಂಡರು. ಮದೀನಾದ ಹಬ್ಬದಲ್ಲಿ ಹಬಶಿಗಳ ಆಟಕ್ಕೂ ಜಾಗವಿತ್ತು. ಶಿಬಿರದ ಮಕ್ಕಳು ತಮ್ಮ ಊರಿನ ಹಾಡು ಹಾಡಲಿ, ಹೆಂಗಸರು ತಮ್ಮ ರುಚಿಯ ಅಡುಗೆ ಮಾಡಲಿ. ಬೇಕಾದರೆ ಅಕ್ಕಿ ಎಣ್ಣೆ ನಾವು ಕೊಡೋಣ, ಸೌಟು ಅವರ ಕೈಯಲ್ಲಿಯೇ ಇರಲಿ.

ನಿರಾಶ್ರಿತರೆಂದರೆ ವಿಮಾನ ಹತ್ತಿ ಹೋಗಿ ನೋಡಬೇಕಾದವರೆಂದೂ ಭಾವಿಸಬೇಡಿರಿ. ಹಾನಗಲ್ ದಾಟಿ ಮುಂದೆ ಹೋದರೆ ಮುಂಡಗೋಡ ಸಿಗುತ್ತದೆ. ಟಿಬೆಟಿನಿಂದ ಬಂದವರು 1966ರಿಂದ ಅಲ್ಲಿ ನೆಲೆಸಿದ್ದಾರೆ. ಚಳಿಗಾಲದಲ್ಲಿ ಅವರು ತಂದು ಮಾರುವ ಸ್ವೆಟರ್‌ಗಳನ್ನು ಚೌಕಾಶಿ ಮಾಡಿ ಕೊಂಡಿದ್ದೇವೆ. ನಿಮ್ಮ ಊರು ಯಾವುದಿತ್ತು, ನಿಮ್ಮ ಮನೆಗಳಲ್ಲಿ ಈಗ ಯಾರಿದ್ದಾರೆ ಎಂದು ಎಷ್ಟು ಜನ ಕೇಳಿದ್ದೇವೆ? ನಾನಂತೂ ಕೇಳಿಲ್ಲ. 2018ರಲ್ಲಿ ಕೇರಳ ನೆರೆಯಲ್ಲಿ ಮುಳುಗಿದ್ದಾಗ, ಆಗಸ್ಟ್ 22ರ ಬಕ್ರೀದ್‌ನಂದು, ತ್ರಿಶೂರು ಜಿಲ್ಲೆಯ ಮಾಳದ ಬಳಿ ಮಸೀದಿಗೆ ನೀರು ನುಗ್ಗಿದ್ದರಿಂದ ಅಲ್ಲಿನ ಒಂದು ದೇವಸ್ಥಾನದವರು ತಮ್ಮ ಸಭಾಂಗಣವನ್ನು ಗುಡಿಸಿ ಒರೆಸಿ ಈದ್ ನಮಾಝಿಗೆ ಬಿಟ್ಟುಕೊಟ್ಟರು. ಅಂದು ಅತಿಥಿಗಳಾಗಿ ನಿಂತವರು ನಾವು. ಕೊಟ್ಟವರ ಮುಖದಲ್ಲಿ ಯಾವ ಭಾವವಿದ್ದರೆ ನಮಗೆ ಹಿತವಾಗುತ್ತದೆ ಎಂಬುದು ಪಡೆದವರಿಗೇ ಚೆನ್ನಾಗಿ ಗೊತ್ತು.

ಈಗ ಆ ತಾಯಿಯ ಮೊದಲ ಪ್ರಶ್ನೆಗೆ ಬರುತ್ತೇನೆ. ಅದನ್ನು ತೇಲಿಸಿಬಿಡುವುದು ಸರಿಯಲ್ಲ. ಧರ್ಮಯುದ್ಧಕ್ಕೆ ಹೊರಡಲು ಅನುಮತಿ ಕೇಳಿದ ಒಬ್ಬರೊಡನೆ ಪ್ರವಾದಿವರ್ಯರು(ಸ) ಹೆತ್ತವರು ಇದ್ದಾರೆಯೇ ಎಂದು ವಿಚಾರಿಸಿ, ಹಾಗಾದರೆ ಅವರ ಸೇವೆಯಲ್ಲಿಯೇ ಶ್ರಮಿಸು ಎಂದು ಮರಳಿ ಕಳುಹಿಸಿದ್ದರು. ಹೆತ್ತವರನ್ನು ಅಳಿಸಿ ಬಂದಿದ್ದೇನೆಂದ ಇನ್ನೊಬ್ಬರಿಗೆ, ಹೋಗು, ಅಳಿಸಿದಂತೆಯೇ ಅವರನ್ನು ನಗಿಸು ಎಂದು ಹೇಳಿದರು. ಆದುದರಿಂದ ಊರೂರು ತಿರುಗಿ ಸೇವೆ ಮಾಡುತ್ತ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೆರೆಯವರ ಕೈಗೆ ಬಿಟ್ಟವನ ಸೇವೆಯನ್ನು ನಾನು ಹೊಗಳಲಾರೆ. ನೋಡಿಕೊಳ್ಳುವವರಿಲ್ಲದ ತಾಯಿಯಾಗಿದ್ದರೆ, ಮಗನಿಗೆ ಕೂಡಲೇ ಬರಹೇಳಿರೆಂದು ನಾನೇ ಹೇಳುತ್ತಿದ್ದೆ. ಈ ತಾಯಿಗೆ ಗಟ್ಟಿಮುಟ್ಟಾದ ಮೈಯಿದೆ, ಹಿರಿಯ ಮಗ ಸೊಸೆ ಜೊತೆಯಲ್ಲಿದ್ದಾರೆ. ಅವರೇ ಒಪ್ಪಿ ಕಿರಿಯವನನ್ನು ಕಳುಹಿಸಿದ್ದಾರೆ. ಇವರ ನೋವು ಅಗಲಿಕೆಯ ನೋವು ಮಾತ್ರ. ಆ ನೋವಿಗೆ ಅಲ್ಲಾಹನ ಬಳಿ ಬೆಲೆಯಿದೆ.

ನಾನು ಅವರಿಗೆ ಹಝ್ರತ್ ಅಸ್ಮಾ ಬಿಂತ್ ಉಮೈಸ್‌ರ(ರ) ಕಥೆ ಹೇಳಿದೆ. ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಕಡಲು ದಾಟಿ ಅಬಿಸೀನಿಯಕ್ಕೆ ಹೋಯಿತಲ್ಲವೇ, ಇಸ್ಲಾಮಿನ ಮೊದಲ ನಿರಾಶ್ರಿತರು ಅವರೇ. ಕ್ರೈಸ್ತ ರಾಜ ನಜ್ಜಾಶಿ ಅವರಿಗೆ ಆಶ್ರಯ ಕೊಟ್ಟ. ಅಸ್ಮಾ(ರ) ತಮ್ಮ ಪತಿ ಜಅಫರ್ ಬಿನ್ ಅಬೀತಾಲಿಬ್‌ರೊಂದಿಗೆ(ರ) ಅಲ್ಲಿಯೇ ಬಾಳಿ, ಅಲ್ಲಿಯೇ ಹೆತ್ತು, ಹಿಜ್ರಾ ಏಳನೆಯ ವರ್ಷ ಮದೀನಾಕ್ಕೆ ಬಂದರು. ಮದೀನಾದಲ್ಲಿ ಈದ್ ಆಚರಣೆ ಎರಡನೆಯ ವರ್ಷದಲ್ಲಿಯೇ ಆರಂಭವಾಗಿತ್ತು. ಆ ಎಲ್ಲ ವರ್ಷಗಳ ಈದ್‌ಗಳು ಅವರಿಗೆ ಪ್ರವಾದಿವರ್ಯರಿಲ್ಲದೆಯೇ(ಸ) ಕಳೆದವು. ಬಂದ ಮೇಲೆ ಹಝ್ರತ್ ಉಮರ್(ರ) ಅವರೊಡನೆ, ಹಿಜ್ರಾದಲ್ಲಿ ನಾವು ನಿಮಗಿಂತ ಮುಂದು, ಪ್ರವಾದಿವರ್ಯರ(ಸ) ಮೇಲೆ ನಮ್ಮ ಹಕ್ಕೇ ಹೆಚ್ಚು ಎಂದುಬಿಟ್ಟರು. ಅಸ್ಮಾ(ರ) ಸಿಟ್ಟಾದರು. ನೀವು ಪ್ರವಾದಿವರ್ಯರ(ಸ) ಬಳಿಯಿದ್ದಿರಿ, ನಿಮ್ಮಲ್ಲಿ ಹಸಿದವರಿಗೆ ಅವರು ಉಣಿಸುತ್ತಿದ್ದರು, ನಾವು ದೂರದ ಪರಕೀಯ ನಾಡಿನಲ್ಲಿದ್ದೆವು ಎಂದು ಉತ್ತರಿಸಿ, ನೇರವಾಗಿ ಪ್ರವಾದಿವರ್ಯರಲ್ಲಿಯೇ(ಸ) ವಿಷಯ ಮುಟ್ಟಿಸಿದರು. ಉಮರ್ ಮತ್ತು ಸಂಗಡಿಗರದು ಒಂದು ಹಿಜ್ರಾ, ಹಡಗಿನಲ್ಲಿ ಬಂದ ನಿಮ್ಮದು ಎರಡು ಹಿಜ್ರಾ ಎಂಬ ತೀರ್ಪು ದೊರೆಯಿತು. ಆ ಮಾತನ್ನು ಮತ್ತೆ ಮತ್ತೆ ಕೇಳಲು ಹಡಗಿನವರು ಗುಂಪುಗುಂಪಾಗಿ ಅಸ್ಮಾರ(ರ) ಬಳಿಗೆ ಬರುತ್ತಿದ್ದರಂತೆ. ಅಷ್ಟು ವರ್ಷ ದೂರವಿದ್ದವರಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಯಾವುದಿದ್ದೀತು!

ಹೊಸರಿತ್ತಿಯ ನೆಲಕ್ಕೂ ಇಂಥ ತಾಯಂದಿರ ಪರಿಚಯವಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯ ದಂಡಿ ಯಾತ್ರೆಯಲ್ಲಿ ನಡೆದಾಗ ಇನ್ನೂ ಹದಿಹರೆಯ ದಾಟದ ಹುಡುಗ. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಆ ಮನೆಯಲ್ಲಿಯೂ ಎಷ್ಟೋ ಹಬ್ಬಗಳಲ್ಲಿ ಒಂದು ಎಲೆ ಖಾಲಿಯಾಗಿಯೇ ಉಳಿದಿರಬೇಕು. ಇದನ್ನು ಹೇಳಿದಾಗ ಆ ತಾಯಿ, "ಅವರ ಹೆಸರಿನ ಸಾಲ್ಯಾಗ ನನ್ನ ಮಗನ್ನ ತರಬ್ಯಾಡ್ರಿ, ಅವಾ ಸೂಜಿ ಚುಚ್ಚಾಂವ" ಎಂದು ನಕ್ಕುಬಿಟ್ಟರು.

ಬಕ್ರೀದ್‌ನ ದಿನ ನಮಾಝ್ ಮುಗಿಸಿ ಬರುವಾಗ ಆ ಮನೆಯ ಮುಂದೆ ಹಾದುಹೋದೆ. ಮುಂಬಾಗಿಲು ತೆರೆದಿತ್ತು. ಒಳಗಿನಿಂದ ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುವುದು ಕೇಳಿಸಿತು. "ಆ ಮುದುಕಪ್ಪ ಇವತ್ತೂ ಕರದ್ರ ಹೋಗು, ಒಲ್ಲೆ ಅನಬ್ಯಾಡ. ನಾ ಕಳಿಸಿದ ಬ್ಯಾಡಗಿ ಖಾರಪುಡಿ ಒಂದೀಟು ಒಯ್ದು ಅವರವ್ವಗ ಕೊಡು. ನಮ್ಮವ್ವ ಕೊಟ್ಟಾಳ, ದಾನ ಅಲ್ಲ, ಹಬ್ಬದ್ದು ಅಂತ ಹೇಳು." ನಂತರ ಸ್ವಲ್ಪ ಹೊತ್ತು ಮೌನ. ಆ ಕಡೆಯಿಂದ ಮಗ ಏನೋ ಹೇಳುತ್ತಿದ್ದಿರಬೇಕು. "ಆ ಮುದುಕಪ್ಪನ ಹೆಸರೇನೋ? ದುಆದಾಗ ಹೆಸರು ಹಿಡಿದು ಹೇಳಬೇಕಲ್ಲ," ಎಂದು ಅವರು ಕೇಳುತ್ತಿದ್ದಾಗ ನಾನು ಸಲಾಮ್ ಹೇಳದೆಯೇ ಮೆಲ್ಲಗೆ ಮುಂದೆ ಸಾಗಿದೆ.